ನೀರಿನ ಜಾಡು ಹಿಡಿದು ನಮ್ಮ ವಿಜಯಪುರದಲ್ಲಿ

ನಮ್ಮ ಕಡೆ ಮನೆಗೆ ಬಂದ ನೆಂಟರಿಗೆಲ್ಲ ಬೀಗರು ಅನ್ನುತ್ತೇವೆ. ವಿಜಯಪುರದ ಮನೆಗೆ ಬೀಗರು ಬಂದರೆಂದರೆ ಮೊದಲ ದಿನ ಹೋಳಿಗೆ, ಎರಡನೆಯ ದಿನ ಗೋಳಗುಮ್ಮಟ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಬೀಗರ ಜೊತೆ, ಶಾಲೆಯ ಮಕ್ಕಳ ಜೊತೆ ಆ ಇಕ್ಕಟ್ಟಿನ ಮೆಟ್ಟಿಲುಗಳನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿ, ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಕೂಗು ಹಾಕಿಸಿ, ಇಳಿಸಿಕೊಂಡು ಬಂದಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣು ಇದ್ದದ್ದು ಮಕ್ಕಳ ತಲೆ ಎಣಿಸುವುದರಲ್ಲಿ, ಬೀಗರಿಗೆ ಬಿಸಿಲು ಹತ್ತೀತೆಂಬ ಚಿಂತೆಯಲ್ಲಿ. ನನ್ನ ಊರನ್ನು ನನಗೋಸ್ಕರ, ಅವಸರವಿಲ್ಲದೆ ನೋಡಿದ್ದು ನಿವೃತ್ತಿಯಾದ ಮೇಲೆ, ಒಂದೇ ಒಂದು ದಿನ.

ಜನವರಿ ಕೊನೆಯ ಮುಂಜಾವು. ಸಿದ್ದೇಶ್ವರ ಜಾತ್ರೆ ಮುಗಿದಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಗಾಂಧಿ ಚೌಕಿನ ಹತ್ತಿರ ಪರಿಚಯದ ಟಾಂಗಾದ ಚಾಚಾ ಕುದುರೆಯ ಬೆನ್ನಿಗೆ ಗೋಣಿಚೀಲ ಹೊದಿಸಿ ನಿಂತಿದ್ದರು. ಅವರ ಮಗಳು ನನ್ನ ಕೈಯಲ್ಲಿ ಕಲಿತವಳು.

“ಬಾಯಾರ, ಬೀಗರೆಲ್ಲೆದಾರ?” ಅಂದರು.

“ಬೀಗರಿಲ್ಲ ಚಾಚಾ. ಇವತ್ತ ನಾನ ನೋಡಾಕ ಹೊಂಟೀನಿ. ದಿನಾ ಪೂರ್ತಿ ಬೇಕು ಟಾಂಗಾ.”

“ನಮ್ಮೂರಾಗ ನೀವು ನೋಡಲಾರದ್ದು ಏನೈತ್ರಿ?”

“ನೀರು,” ಅಂದೆ.

ಚಾಚಾ ನಗಲಿಲ್ಲ. ಈ ಊರಲ್ಲಿ ಹುಟ್ಟಿದ ಯಾರೂ ಆ ಮಾತಿಗೆ ನಗುವುದಿಲ್ಲ.

ಪಾಠ ಹೇಳುವಾಗ ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದ ನಕ್ಷೆ ಇದು: ತೆಂಕಣಕ್ಕೆ ಕೃಷ್ಣೆ, ಬಡಗಣಕ್ಕೆ ಭೀಮೆ, ನಡುವೆ ಡೋಣಿ. ಕೃಷ್ಣೆ, ಭೀಮೆ ಎರಡೂ ದೂರ. ಡೋಣಿಯ ನೀರು ಸವಳು. ಊರು ಕೂತಿರುವುದು ಕರಿಗಲ್ಲಿನ ಬೋಳು ದಿನ್ನೆಯ ಮೇಲೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಇಂಥ ಜಾಗದಲ್ಲಿ, ಹೊಳೆಯೇ ಇಲ್ಲದ ಕಡೆ, ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆ ಕಟ್ಟಿ, ಆದಿಲಶಾಹಿಗಳು 15ನೆಯ ಶತಮಾನದ ಕೊನೆಯಿಂದ 1686ರ ತನಕ ರಾಜ್ಯ ಆಳಿದರು. ಗುಮ್ಮಟ ಹೇಗೆ ನಿಂತಿತೆಂದು ಎಲ್ಲರೂ ಕೇಳುತ್ತಾರೆ. ಇಷ್ಟು ಜನ ಏನು ಕುಡಿದರು ಅನ್ನುವುದು ನನ್ನ ಪ್ರಶ್ನೆ. ಕೊಡ ಹೊತ್ತು ಬೆಳೆದವಳಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ.

ಮೊದಲು ತಾಜ್ ಬಾವಡಿಗೆ ಹೋದೆವು. ನಮ್ಮ ಆಯಿಯ ಮನೆ ಅಲ್ಲಿಂದ ಎರಡು ಓಣಿ ಆಚೆ ಇತ್ತು.

ಬಾವಡಿ ಎಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ದೊಡ್ಡ ಬಾವಿ. ಕೋಟೆಯೊಳಗೆ ಇಂಥವು ನೂರಾರಿದ್ದವು. ಇದು ಅವುಗಳಲ್ಲೆಲ್ಲ ದೊಡ್ಡದು, 1620ರದ್ದು. ಎರಡನೆಯ ಇಬ್ರಾಹಿಂ ಆದಿಲಶಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಎದುರಿಗೆ 35 ಅಡಿ ಅಗಲದ ಒಂದೇ ಕಮಾನು, ಅದರ ಎರಡೂ ಮಗ್ಗುಲಿಗೆ ಎಂಟು ಮೂಲೆಯ ಬುರುಜು. ಕಮಾನಿನಡಿ ನಿಂತರೆ ಕೆಳಗೆ ಸುಮಾರು 220 ಅಡಿ ಚೌಕದ ನೀರು, ಆಳ 50 ಅಡಿಗೂ ಮಿಕ್ಕಿ. ದಾರಿಹೋಕರು ತಂಗಲೆಂದು ಪಕ್ಕಗಳಲ್ಲಿ ಕಟ್ಟಡಗಳಿವೆ. ದೂರದಿಂದ ದಣಿದು ಬಂದವನಿಗೆ ಊರು ಮೊದಲು ಕೊಡುತ್ತಿದ್ದದ್ದು ನೆರಳು ಮತ್ತು ನೀರು. ಅರಮನೆಗೆ ಕಟ್ಟುವಂಥ ಕಮಾನನ್ನು ಒಂದು ಬಾವಿಗೆ ಕಟ್ಟಿದ್ದಾರೆ ನೋಡಿ. ಯಾವುದಕ್ಕೆ ತಲೆಬಾಗಬೇಕೆಂದು ಅವರಿಗೆ ಗೊತ್ತಿತ್ತು.

ಎಪ್ಪತ್ತೆರಡರ ಬರದಲ್ಲಿ ನನಗೆ ಹನ್ನೆರಡು ವರ್ಷ. ಓಣಿಯ ಸೇದುವ ಬಾವಿಯಲ್ಲಿ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಬಿಟ್ಟರೂ ಕೊಡ ಕೆಸರನ್ನೇ ತರುತ್ತಿತ್ತು. ಗಡಗಡಿಯ ಸದ್ದಿಗೇ ಗೊತ್ತಾಗುತ್ತಿತ್ತು ಕೊಡ ಖಾಲಿ ಬರುತ್ತಿದೆಯೆಂದು. ಆಗ ಆಯಿ ನನ್ನನ್ನು ನಸುಕಿನಲ್ಲೇ ಎಬ್ಬಿಸಿ ಈ ಬಾವಡಿಗೆ ಕರೆತರುತ್ತಿದ್ದಳು. ಇಳಿಯುವ ಮೊದಲು ಕಾಲಿನ ಚಪ್ಪಲಿ ಬಿಡಿಸುತ್ತಿದ್ದಳು. ಗುಡಿಯೂ ಅಲ್ಲ, ದರ್ಗಾವೂ ಅಲ್ಲ, ಆದರೂ ಬಿಡಿಸುತ್ತಿದ್ದಳು. ನನ್ನದು ಸಣ್ಣ ತಾಮ್ರದ ಬಿಂದಿಗೆ, ಅವಳದು ಹಿತ್ತಾಳೆ ಕೊಡ. ಕೊನೆಯ ಮೆಟ್ಟಿಲಲ್ಲಿ ಅವಳು ಮೊದಲು ಅಂಗೈಯಿಂದ ನೀರನ್ನು ಎರಡು ಸಲ ಆಚೆ ಸರಿಸಿ, ಆಮೇಲೆ ಕೊಡ ಅದ್ದುತ್ತಿದ್ದಳು. ಆ ಸರಿಸುವ ಕೈಯ ಚಲನೆ ಇವತ್ತಿಗೂ ನನ್ನ ಕಣ್ಣೆದುರು ಇದೆ.

ಮನೆಮನೆಗೆ ನಳ ಬಂತು. ನಳ ಬಂದ ಮೇಲೆ ಬಾವಡಿಗೆ ಇಳಿಯುವವರು ಇಲ್ಲವಾದರು. ಗಣಪತಿ ಹಬ್ಬದ ಕೊನೆಗೆ ಮೂರ್ತಿಗಳನ್ನು ತಂದು ಇಲ್ಲೇ ಮುಳುಗಿಸುವುದು ರೂಢಿಯಾಯಿತು. ನಮ್ಮ ಮನೆಯ ಗಣಪತಿಯನ್ನೂ ಇಲ್ಲೇ ಬಿಟ್ಟಿದ್ದೇವೆ. ಒಂದು ವರ್ಷವಲ್ಲ, ಹಲವು ವರ್ಷ. ಬಣ್ಣ, ಹುಲ್ಲು, ಹೂವಿನ ಹಾರ, ಪ್ಲಾಸ್ಟಿಕ್ ಚೀಲ ಎಲ್ಲ ಸೇರಿ ನೀರು ಹಸಿರು ಕಟ್ಟಿ ನಾರತೊಡಗಿತು. ಆಯಿ ಚಪ್ಪಲಿ ಬಿಡಿಸಿದ ಜಾಗದಲ್ಲಿ ನಾನು ಮೂಗು ಮುಚ್ಚಿಕೊಂಡು ದಾಟಿದ ದಿನಗಳಿವೆ. ಆ ತಪ್ಪು ನನ್ನದೂ ಹೌದು. 2017ರಲ್ಲಿ ಹೂಳು ತೆಗೆದರು. ಈಗ ಕಟಾಂಜನದ ಆಚೆಯಿಂದ ನೋಡಬೇಕು. ಆ ಮುಂಜಾವಿನಲ್ಲಿ ನೀರಿನ ಮೇಲೆ ಕಮಾನಿನ ನೆರಳು ಅಲುಗದೆ ಬಿದ್ದಿತ್ತು. ಎಷ್ಟು ಹೊತ್ತು ನಿಂತೆನೋ, ಕುದುರೆ ಎರಡು ಸಲ ಕೆನೆಯಿತು.

ಅಲ್ಲಿಂದ ಪಡುವಣಕ್ಕೆ, ಅಥಣಿ ರಸ್ತೆ ಹಿಡಿದು ತೊರವಿಗೆ. ಟಾಂಗಾಕ್ಕೆ ಅದು ದೂರವೇ. ಲಾರಿಗಳು ಹಾರನ್ ಹೊಡೆದು ದಾಟಿದಾಗ ಚಾಚಾ ಕುದುರೆಯ ಕತ್ತಿನ ಮೇಲೆ ಕೈ ಇಡುತ್ತಿದ್ದರು. ದಾರಿಯ ಪಕ್ಕ ಬಿಳಿಜೋಳ ತೆನೆಗಟ್ಟಿತ್ತು. ಒಂದು ಹೊಲದ ಬದುವಿನಲ್ಲಿ ಹೆಣ್ಣುಮಕ್ಕಳು ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಡುತ್ತಿದ್ದರು. “ಬರ್ರಿ, ಸೀತನಿ ತಿಂದ ಹೋಗ್ರಿ,” ಎಂದು ಕರೆದರು. ಶೇಂಗಾ ಚಟ್ನಿ ಹಚ್ಚಿಕೊಂಡು ಬಿಸಿಬಿಸಿ ಸೀತನಿ ತಿಂದೆವು. ಚರಿಗೆಯಲ್ಲಿ ಕೊಟ್ಟ ನೀರು ಬೋರ್‌ವೆಲ್ಲಿನದು, ತುಸು ಉಪ್ಪುಪ್ಪು.

ತೊರವಿ ಎಂದರೆ ಕನ್ನಡ ಓದಿದವರಿಗೆ ಮೊದಲು ನೆನಪಾಗುವುದು ನರಹರಿ. ಕುಮಾರ ವಾಲ್ಮೀಕಿ ಎಂಬ ಹೆಸರಿನಿಂದ, ಈ ಊರಿನ ನರಸಿಂಹನ ಅಂಕಿತದಲ್ಲಿ ಅವನು ಬರೆದ ಕಾವ್ಯವೇ ತೊರವೆ ರಾಮಾಯಣ. ಅದೇ ತೊರವಿಯಲ್ಲಿ ಎರಡನೆಯ ಇಬ್ರಾಹಿಂ 1599ರಲ್ಲಿ ನವರಸಪುರ ಎಂಬ ಹೊಸ ರಾಜಧಾನಿಗೆ ಕೈ ಹಾಕಿದ. ನವರಸ ಎಂಬ ಮಾತಿನ ಮೇಲೆ ಅವನಿಗೆ ಎಂಥ ಮೋಹವೆಂದರೆ, ದಖನಿಯಲ್ಲಿ ತಾನು ಬರೆದ ಹಾಡುಗಳ ಪುಸ್ತಕಕ್ಕೂ ಕಿತಾಬ್-ಎ-ನವರಸ್ ಎಂದೇ ಹೆಸರಿಟ್ಟ. ಆ ಹಾಡುಗಳಲ್ಲಿ ಸರಸ್ವತಿಯನ್ನು ನೆನೆದ. ಜನ ಅವನನ್ನು ಜಗದ್ಗುರು ಬಾದಶಹ ಎಂದರು. ಶಹನವಾಜ್ ಖಾನನ ಮೇಲ್ವಿಚಾರಣೆಯಲ್ಲಿ ಮನೆ, ಮಹಲುಗಳೆದ್ದವು. ಆದರೆ ಊರು ಪೂರ್ತಿಯಾಗಲಿಲ್ಲ. 1624ರಲ್ಲಿ ಅಹಮದನಗರದ ಕಡೆಯ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಗೆಡವಿದ. ಈಗ ಸಂಗೀತ ಮಹಲಿನ ಗೋಡೆಗಳೂ ಕಮಾನೂ ನಿಂತಿವೆ. ತೊರವಿಯಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ; ಹುಡುಗಿಯರು ಬಸ್ಸಿಳಿದು ಗುಂಪುಗುಂಪಾಗಿ ನಡೆಯುತ್ತಿದ್ದರು.

ನಾನು ನೋಡಬೇಕೆಂದು ಬಂದದ್ದು ಸುರಂಗ ಬಾವಡಿ. ತೊರವಿಯ ಹತ್ತಿರ ನೆಲದಡಿಯ ಒರತೆಗಳನ್ನು ಹಿಡಿದು, ಗರಸು ಕೊರೆದು ಸುರಂಗ ಮಾಡಿ, ನೀರು ತಾನೇ ಇಳಿದು ಹೋಗುವಷ್ಟೇ ಇಳಿಜಾರು ಕೊಟ್ಟು, ಅದನ್ನು ವಿಜಯಪುರದ ತನಕ ಹರಿಸಿದ್ದರು. ಎಂಜಿನ್ ಇಲ್ಲ, ಏತ ಇಲ್ಲ. ನಡುನಡುವೆ ಮೇಲಿನಿಂದ ಬಾವಿಯಂಥ ಗುಂಡಿಗಳು. ಅಗೆಯುವಾಗ ಮಣ್ಣೆತ್ತಲು, ಒಳಗಿದ್ದವರಿಗೆ ಗಾಳಿ ಹೋಗಲು, ಆಮೇಲೆ ಇಳಿದು ಹೂಳು ತೆಗೆಯಲು ಅವು ಬೇಕಿದ್ದವು. ಇರಾನಿನ ಒಣನಾಡಿನಲ್ಲಿ ಹುಟ್ಟಿದ ವಿದ್ಯೆ ಇದು, ಕನಾತ್ ಅಥವಾ ಕಾರೇಜ್ ಎಂದು ಹೆಸರು. ಬೀದರಿನ ನೌಬಾದದಲ್ಲೂ ಇಂಥದೇ ಕಾರೇಜ್ ಇದೆ. ಮೊದಲನೆಯ ಅಲಿ ಆದಿಲಶಹನ ಕಾಲದಲ್ಲಿ ತೊರವಿಯ ಕೆಲಸ ಶುರುವಾಗಿ ಇಬ್ರಾಹಿಮನ ಕಾಲದಲ್ಲಿ ಬೆಳೆಯಿತೆಂದು ಹೇಳುತ್ತಾರೆ. ವಿದ್ಯೆ ಹೊರಗಿನಿಂದ ಬಂದಿರಬಹುದು. ನಮ್ಮ ಗರಸನ್ನು ಅಗೆದ ಕೈಗಳು ಈ ಸೀಮೆಯವೇ ಆಗಿರಬೇಕು. ಎಲ್ಲಿ ಮಣ್ಣು ಕುಸಿಯುತ್ತದೆ, ಎಲ್ಲಿ ಕಲ್ಲು ಅಡ್ಡ ಬರುತ್ತದೆ ಎಂದು ಇಲ್ಲಿ ಬಾವಿ ತೋಡಿದವರಿಗಲ್ಲದೆ ಯಾರಿಗೆ ಗೊತ್ತು?

ಒಂದು ಗುಂಡಿಯ ಬಾಯಿಗೆ ಮುಖವಿಟ್ಟೆ. ಕೆಳಗೆ ಕತ್ತಲೆ, ತಣ್ಣನೆ ಗಾಳಿ, ಹಸಿಮಣ್ಣಿನ ವಾಸನೆ. ಚಾಚಾ ಒಂದು ಹರಳು ಹಾಕಿದರು. ನಾವಿಬ್ಬರೂ ಕಿವಿಗೊಟ್ಟೆವು.

ಈ ನೀರಿನದು ಬರೀ ಕಟ್ಟಿದ ಕಥೆಯಲ್ಲ, ಕೆಡಿಸಿದ ಕಥೆಯೂ ಇದೆ. ತರಗತಿಯಲ್ಲಿ ನಾನು ಮಕ್ಕಳಿಗೆ ಅದನ್ನು ಹೇಳಿಕೊಡಲಿಲ್ಲ. 1665ರ ಕೊನೆಗೆ ಮೊಗಲರ ಸೇನಾಪತಿ ಮಿರ್ಜಾ ರಾಜಾ ಜಯಸಿಂಗ್ ದೊಡ್ಡ ದಂಡು ಕಟ್ಟಿಕೊಂಡು ವಿಜಯಪುರದ ಮೇಲೆ ಬಂದ. ಆಗ ಗಾದಿಯ ಮೇಲಿದ್ದದ್ದು ಎರಡನೆಯ ಅಲಿ ಆದಿಲಶಹ. ಕೋಟೆ ಉಳಿಸಿಕೊಳ್ಳಲು ಅವನ ಕಡೆಯವರು ಸುತ್ತಲಿನ ಆರು ಮೈಲಿ ನೆಲವನ್ನು ಬರಡು ಮಾಡಿದರು. ನವರಸಪುರ, ಶಹಾಪುರದ ಕೆರೆಗಳ ನೀರು ಹೊರಬಿಟ್ಟರು, ಬಾವಿಗಳಿಗೆ ಮಣ್ಣು ತುಂಬಿದರು, ಮರ ಕಡಿದರು. ಕೋಟೆಯಿಂದ ಕೆಲವೇ ಹರದಾರಿ ದೂರದ ತನಕ ಬಂದ ಜಯಸಿಂಗನಿಗೆ ಕುಡಿಯಲು ನೀರಿಲ್ಲ, ಕುದುರೆಗೆ ಹುಲ್ಲಿಲ್ಲ. 1666ರ ಜನವರಿಯಲ್ಲಿ, ನಾನು ತೊರವಿಗೆ ಹೋದಂಥದೇ ಚಳಿಯ ದಿನಗಳಲ್ಲಿ, ಅವನ ದಂಡು ಹಿಂದೆ ತಿರುಗಿತು.

ಗೆಲುವು ಗೆಲುವೇ. ಆದರೆ ಬಾವಿಗೆ ಮಣ್ಣು ಹಾಕುವುದೆಂದರೆ ಏನೆಂದು ಆ ದಿನ ಅಲ್ಲಿ ಕೂತು ಯೋಚಿಸಿದೆ. ಕೋಟೆಯೊಳಗಿದ್ದವರು ಉಳಿದರು, ಹೊರಗೆ ಆ ಆರು ಮೈಲಿಯೊಳಗಿನ ಹಳ್ಳಿಗಳ ಹೆಂಗಸರು ಮರುದಿನ ಕೊಡ ಹಿಡಿದು ಎಲ್ಲಿಗೆ ಹೋಗಿರಬೇಕು? ಬಖೈರುಗಳು ಸರದಾರರ ಹೆಸರು ಬರೆದಿಟ್ಟಿವೆ. ತೋಡಿದ ಬಾವಿಗೆ ತಮ್ಮ ಕೈಯಾರೆ ಮಣ್ಣು ಎಳೆದವರ ಮಾತು ಎಲ್ಲೂ ಇಲ್ಲ. ಇಪ್ಪತ್ತು ವರ್ಷದ ಮೇಲೆ ಔರಂಗಜೇಬನ ದಂಡು ಮುತ್ತಿಗೆ ಹಾಕಿ ವರ್ಷಕ್ಕೂ ಮೇಲೆ ಕೂತಿತು. 1686ರ ಸೆಪ್ಟೆಂಬರಿನಲ್ಲಿ ಊರು ಅವನ ಕೈಸೇರಿತು. ಸುಮಾರು ಎರಡು ವರ್ಷಕ್ಕೆ ಪ್ಲೇಗು ಬಂತು. 1688ರಲ್ಲಿ ಔರಂಗಜೇಬನ ಬೇಗಮ್ ಔರಂಗಾಬಾದಿ ಮಹಲ್ ತೀರಿಕೊಂಡದ್ದು ಈ ಊರಿನಲ್ಲೇ. ಅಲ್ಲಿಂದ ಮುಂದೆ ಸುರಂಗದ ಹೂಳು ತೆಗೆಸುವ ದೊರೆ ಇಲ್ಲವಾದ.

ಮರಳಿ ಬರುವಾಗ ಅಫಜಲಪುರದ ಟಕ್ಕೆಯ ಕಡೆ ಟಾಂಗಾ ತಿರುಗಿಸಿದೆವು. ಅಲ್ಲಿ ಸಾಠ್ ಕಬರ್ ಇದೆ. ಒಂದೇ ಕಟ್ಟೆಯ ಮೇಲೆ, ಒಂದೇ ತೆರನ ಕರಿಗಲ್ಲಿನ, ಅರವತ್ತಕ್ಕೂ ಹೆಚ್ಚು ಗೋರಿಗಳು, ಸಾಲುಸಾಲಾಗಿ. ಎಲ್ಲ ಹೆಂಗಸರವು. ಶಿವಾಜಿಯನ್ನು ಹಿಡಿಯಲು ಹೊರಟ ಆದಿಲಶಾಹಿ ಸರದಾರ ಅಫಜಲಖಾನನಿಗೆ ಜ್ಯೋತಿಷಿಗಳು ನೀನು ತಿರುಗಿ ಬರುವುದಿಲ್ಲ ಎಂದರಂತೆ; ತಾನು ಸತ್ತ ಮೇಲೆ ತನ್ನ ಹೆಂಡಂದಿರು ಇನ್ನೊಬ್ಬರ ಪಾಲಾಗಬಾರದೆಂದು ಒಬ್ಬೊಬ್ಬರನ್ನೇ ಬಾವಿಗೆ ನೂಕಿಸಿದನಂತೆ. ಅವನು 1659ರಲ್ಲಿ ಪ್ರತಾಪಗಡದಲ್ಲಿ ಸತ್ತದ್ದು ಇತಿಹಾಸ. ಬಾವಿಯದ್ದು ಜನರ ಬಾಯಿಂದ ಬಾಯಿಗೆ ಬಂದ ಮಾತು. ಆ ಬಾವಿಯನ್ನೂ ತೋರಿಸುತ್ತಾರೆ. ಕಟ್ಟೆಯ ಮೇಲೆ ಒಂದು ಹೊಂಗೆಯ ನೆರಳು ಬಿದ್ದಿತ್ತು. ಗೋರಿಗಳ ಮೇಲೆ ಹೆಸರಿಲ್ಲ. ನಾನು ಸಾಲುಗಳ ನಡುವೆ ಮೆಲ್ಲಗೆ ನಡೆದೆ. ಮಕ್ಕಳ ತಲೆ ಎಣಿಸಿ ರೂಢಿಯಾದವಳು, ಇಲ್ಲಿ ಎಣಿಸಲು ಮನಸ್ಸಾಗಲಿಲ್ಲ. ಈ ಅಫಜಲಖಾನನ ಹೆಸರು ಸಂಜೆ ಇನ್ನೊಮ್ಮೆ ಬರುತ್ತದೆ.

ಮಧ್ಯಾಹ್ನದ ಬುತ್ತಿ ಬಿಚ್ಚಿದ್ದು ಇಬ್ರಾಹಿಂ ರೋಜಾದ ಹುಲ್ಲಿನ ಮೇಲೆ. ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಕೆನೆ ಮೊಸರು. ಗೋರಿ ಒಂದು ಕಡೆ, ಮಸೀದಿ ಒಂದು ಕಡೆ, ನಡುವೆ ಕಾರಂಜಿಯ ಕೊಳ, ಈಗ ಒಣಗಿದ್ದು. ಇದನ್ನೂ ಮಲಿಕ್ ಸಂದಲನೇ ಕಟ್ಟಿಸಿದ್ದು. ಒಂದೂವರೆ ಲಕ್ಷ ಹೊನ್ನಿನ ಮೇಲೆ ಒಂಬತ್ತು ನೂರು ಖರ್ಚಾಯಿತೆಂದು ಶಾಸನದಲ್ಲಿದೆ. ತಾಜ್ ಸುಲ್ತಾನಾಳಿಗೆಂದು ಶುರುವಾದದ್ದು. ಆದರೆ 1627ರಲ್ಲಿ ದೊರೆಯೇ ಮೊದಲು ತೀರಿಕೊಂಡು ಇಲ್ಲಿ ಮಲಗಿದ. ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನೇ ಕಿಂಡಿಯಾಗಿ ಕೊರೆದಿದ್ದಾರೆ, ಬೆಳಕು ಅಕ್ಷರದ ನಡುವಿನಿಂದಲೇ ಒಳಗೆ ಬರಬೇಕು. ಗೋಳಗುಮ್ಮಟ ನೋಡಿ ಬಾಯಿ ತೆರೆದವರು ಇಲ್ಲಿ ಬಂದು ದನಿ ತಗ್ಗಿಸುತ್ತಾರೆ. ನನಗೆ ಇಡೀ ಊರಿನಲ್ಲಿ ಇದಕ್ಕಿಂತ ಚೆಂದದ ಕಟ್ಟಡ ಇಲ್ಲ. ಕುದುರೆ ಬೇವಿನ ನೆರಳಲ್ಲಿ ಮೇವು ತಿಂದಿತು. ಚಾಚಾ ನಮಾಜು ಮುಗಿಸಿ ಬಂದು ಅರ್ಧ ತಾಸು ಅಡ್ಡಾದರು. ನಾನು ಏನೂ ಮಾಡದೆ ಕೂತೆ. ಬೀಗರಿದ್ದಿದ್ದರೆ ಅಷ್ಟು ಹೊತ್ತಿಗೆ ಮೂರು ಜಾಗ ಮುಗಿಸಿರುತ್ತಿದ್ದೆ.

ಮೂರು ಗಂಟೆಗೆ ಉಪಲಿ ಬುರುಜು. 80 ಅಡಿ ಎತ್ತರದ ದುಂಡು ಬುರುಜು, ಹೊರಮೈಗೆ ಸುತ್ತಿಕೊಂಡ ಕಲ್ಲು ಮೆಟ್ಟಿಲು. 1584ರ ಸುಮಾರಿಗೆ ಹೈದರಖಾನ ಕಟ್ಟಿಸಿದ್ದು. ಮೇಲೆ ಎರಡು ತೋಪುಗಳಿವೆ, ಉದ್ದನೆಯದು 30 ಅಡಿಗೂ ಮಿಕ್ಕಿದ್ದು. ಮೊಣಕಾಲು ನೋವಿನಿಂದ ಎರಡು ಕಡೆ ಕೂತು ಹತ್ತಿದೆ. ಮೇಲಿನಿಂದ ಮೂಡಣಕ್ಕೆ ಗೋಳಗುಮ್ಮಟ ಬೂದು ಬಣ್ಣದ ಚಂದ್ರನ ಹಾಗೆ ಕಾಣುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹ ಅದರಡಿ ಮಲಗಿದ್ದಾನೆ. ಹೊರವ್ಯಾಸ 44 ಮೀಟರ್, ಅಡಿಯಲ್ಲಿ ಒಂದೂ ಕಂಬವಿಲ್ಲ. ಅದರ ಲೆಕ್ಕ ಎಲ್ಲ ಬೀಗರಿಗೂ ಹೇಳಿ ಬಾಯಿಪಾಠವಾಗಿದೆ. ಆ ದಿನ ನಾನು ಹುಡುಕುತ್ತಿದ್ದದ್ದು ಗುಮ್ಮಟವನ್ನಲ್ಲ, ಗಂಜುಗಳನ್ನು.

ಗಂಜು ಎಂದರೆ ನೀರಿನ ಗೋಪುರ. ಮನೆಗಳ ನಡುವೆ, ಸಂದಿಯಲ್ಲಿ, 25ರಿಂದ 40 ಅಡಿ ಎತ್ತರದ ಚೌಕದ ಕಲ್ಲಿನ ಗೋಪುರಗಳು ಒಂಟಿಯಾಗಿ ನಿಂತಿರುತ್ತವೆ. ಅವುಗಳ ಮೇಲೆ ಬಟ್ಟೆ ಒಣಹಾಕಿದ್ದನ್ನು, ಪಾರಿವಾಳ ಗೂಡು ಕಟ್ಟಿದ್ದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಯಾವುದೋ ಹಾಳುಗೋಡೆ ಎಂದುಕೊಂಡಿದ್ದೆ. ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಸುಟ್ಟ ಕೊಳವೆಗಳನ್ನು ಒಂದರ ಬಾಯಿಗೆ ಒಂದು ಕೂಡಿಸಿ, ಸುತ್ತ ಗಾರೆಯ ಕವಚ ಕಟ್ಟಿ, ನೆಲದಡಿ ಹೂಳುತ್ತಿದ್ದರು. ನೀರಿನ ಒತ್ತಡ ಹೆಚ್ಚಾದರೆ ಕೊಳವೆ ಒಡೆಯುತ್ತದೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ಗಂಜು ಕಟ್ಟಿ ನೀರನ್ನು ಅದರೊಳಗೆ ಮೇಲಕ್ಕೇರಲು ಬಿಟ್ಟರು. ಅಲ್ಲಿ ಒತ್ತಡ ತಗ್ಗುತ್ತಿತ್ತು, ಕೆಸರು ತಳಕ್ಕೆ ಕೂಡುತ್ತಿತ್ತು, ತಿಳಿನೀರು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ನೀರು ತನ್ನ ಮಟ್ಟ ತಾನೇ ಹುಡುಕಿಕೊಳ್ಳುತ್ತದೆಂದು ಎಂಟನೆಯ ಇಯತ್ತೆಯವರಿಗೆ ಗಾಜಿನ ನಳಿಗೆ ಹಿಡಿದು ತೋರಿಸಿದ್ದೇನೆ. ಅದೇ ಪಾಠ ಶಾಲೆಯ ಕಿಟಕಿಯಾಚೆ ಕಲ್ಲಾಗಿ ನಿಂತಿತ್ತು. ಒಂದು ದಿನವೂ ಮಕ್ಕಳನ್ನು ಅದರ ಬುಡಕ್ಕೆ ಕರೆದೊಯ್ಯಲಿಲ್ಲ. ಬುರುಜಿನ ಮೇಲೆ ನಿಂತಾಗ ಇದು ನನ್ನನ್ನು ಬಹಳ ನೋಯಿಸಿತು.

ಅರಕಿಲ್ಲೆಗೆ, ಅಂದರೆ ಒಳಕೋಟೆಗೆ, ಬರುವ ದಾರಿಯಲ್ಲಿ ಚಾಚಾನಿಗೆ ಅಸದ್ ಬೇಗನ ವಿಷಯ ಹೇಳಿದೆ. ಅವನು ಅಕ್ಬರನ ರಾಯಭಾರಿ, 1604ರ ಸುಮಾರಿಗೆ ಇಲ್ಲಿ ಬಂದವನು. ತಂಬಾಕನ್ನು ಮೊದಲ ಸಲ ಕಂಡದ್ದು ಇಲ್ಲೇ; ಕೊಂಡೊಯ್ದು ಅಕ್ಬರನ ಮುಂದಿಟ್ಟ. ಇಲ್ಲಿನ ಬಜಾರಿನ ಅಗಲ, ಉದ್ದ, ಚೊಕ್ಕಟತನ ನೋಡಿ ಬೆರಗಾಗಿ ಬರೆದಿದ್ದಾನೆ. ಒಂದೊಂದು ಅಂಗಡಿಯ ಮುಂದೆಯೂ ಒಂದೊಂದು ಹಸಿರು ಮರವಿತ್ತಂತೆ.

“ಅಂಗಡಿಗೊಂದು ಗಿಡಾನ?” ಎಂದು ಚಾಚಾ ಎರಡು ಸಲ ಕೇಳಿದರು. ಎರಡೂ ಬದಿ ನೋಡಿದರು. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಸಾಲು ಬೈಕುಗಳು. “ಗಿಡಕ್ಕ ನೀರ ಯಾರ ಹಾಕತಿದ್ರ್ಯೋ,” ಅಂದರು. ನನ್ನ ಮನಸ್ಸಿಗೂ ಬಂದದ್ದು ಅದೇ. ಮನುಷ್ಯರು ಕುಡಿದು ಮಿಕ್ಕದ್ದು ಇದ್ದರಷ್ಟೇ ಅಂಗಡಿ ಮುಂದಿನ ಮರಕ್ಕೆ ನೀರು.

ಸಾತ್ ಮಂಜಿಲ್ 1583ರ ಅರಮನೆ. ಏಳು ಅಂತಸ್ತಿನದು, ಈಗ ಮೇಲಿನವು ಬಿದ್ದಿವೆ. ಅದರ ಗೋಡೆಗಳಲ್ಲಿ ಮೇಲಿನ ಅಂತಸ್ತಿಗೂ ನೀರೊಯ್ದ ಕೊಳವೆಗಳ ಗುರುತುಗಳಿವೆ. ಅದರೆದುರು ಜಲಮಂಜಿಲ್, ಕೊಳದ ನಡುವೆ ನಿಲ್ಲಲೆಂದು ಕೊರೆದ ಪುಟ್ಟ ಕಲ್ಲಿನ ಮಂಟಪ. ಸುತ್ತ ಇದ್ದ ನೀರು ಹೋಗಿ ಈಗ ಅದು ರಸ್ತೆಯ ಮಗ್ಗುಲಿಗೆ ನಿಂತಿದೆ. ಸ್ಕೂಟರಿನವರು ಅದರ ಪಕ್ಕ ಗಾಡಿ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಾರೆ. ನೀರಿಗಾಗಿ ಮಾಡಿದ ವಸ್ತು ನೀರಿಲ್ಲದೆ ನಿಂತದ್ದನ್ನು ನೋಡಿ, ಮನೆಯಲ್ಲಿ ಅಟ್ಟದ ಮೇಲಿಟ್ಟ ಆಯಿಯ ಹಿತ್ತಾಳೆ ಕೊಡ ನೆನಪಾಯಿತು.

ಇಂಗ್ಲಿಷರು 1885ರಲ್ಲಿ ಜಿಲ್ಲೆಯ ಕಚೇರಿಗಳನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಈ ಹಾಳು ಮಹಲುಗಳನ್ನೇ ರಿಪೇರಿ ಮಾಡಿ ಕಚೇರಿ, ಬಂಗಲೆ ಮಾಡಿಕೊಂಡರು. ಗೋಳಗುಮ್ಮಟದ ಪಕ್ಕದ ಮಸೀದಿ ಕೂಡ ಕೆಲಕಾಲ ಪ್ರವಾಸಿ ಬಂಗಲೆಯಾಗಿತ್ತು. ಕಲ್ಲನ್ನು ಎತ್ತಿ ನಿಲ್ಲಿಸಿದರು. ಕೊಳವೆ ಹಾಗೇ ಉಳಿಯಿತು.

ಅಸರ ಮಹಲಿನ ಮುಂದಿನ ಕೊಳದಲ್ಲಿ ಮಾತ್ರ ನೀರಿತ್ತು. ಮಹಲು 1646ರಲ್ಲಿ ನ್ಯಾಯಸಭೆಗೆಂದು ಕಟ್ಟಿದ್ದು, ಎತ್ತರದ ಮರದ ಕಂಬಗಳು ಮುಂಭಾಗವನ್ನು ಹೊತ್ತಿವೆ. ಆಮೇಲೆ ಪ್ರವಾದಿಯವರ ಪವಿತ್ರ ಕೇಶ ಇರುವ ಜಾಗವಾಯಿತು. ನಾನು ಕೊಳದ ದಂಡೆಯಲ್ಲೇ ಕೂತೆ. ಒಬ್ಬ ಹುಡುಗ ಮೀನಿಗೆ ಚುರುಮುರಿ ಎಸೆಯುತ್ತಿದ್ದ. ನನಗೂ ಒಂದು ಹಿಡಿ ಕೊಟ್ಟ. ಇಬ್ಬರೂ ಎಸೆದೆವು.

ಹೊತ್ತು ಇಳಿಯುವಾಗ ಬೇಗಮ್ ತಲಾಬಿಗೆ ಹೊರಟೆವು. ಊರ ತೆಂಕಣಕ್ಕೆ, ಮಹಮ್ಮದ ಆದಿಲಶಹ 1651ರಲ್ಲಿ ಜಹಾನ್ ಬೇಗಮಳ ನೆನಪಿಗೆ ಕಟ್ಟಿಸಿದ ಕೆರೆ. ಸುಮಾರು 230 ಎಕರೆ ವಿಸ್ತಾರ. ಬೆಳೆದ ಊರಿಗೆ ತೊರವಿಯ ಸುರಂಗವೊಂದೇ ಸಾಲದಾದಾಗ ಕೈಹಾಕಿದ ಕೆಲಸ. ಏರಿಯ ಬಲಗಡೆ ನೆಲದಡಿಯ ಕೋಣೆಯಿಂದ ಕೊಳವೆಗಳು ಹೊರಟು, ಗಂಜಿನಿಂದ ಗಂಜಿಗೆ ಏರಿ ಇಳಿದು, ಅರಕಿಲ್ಲೆಯ ತನಕ ಹೋಗುತ್ತಿದ್ದವು. ಒಂದು ಗೋಪುರದ ಶಾಸನ ಆ ಕೆಲಸ ಮಾಡಿಸಿದವನ ಹೆಸರು ಹೇಳುತ್ತದೆ. ಅದು ಅಫಜಲಖಾನನ ಹೆಸರು.

ಮುಂಜಾನೆ ಹೆಸರಿಲ್ಲದ ಗೋರಿಗಳ ನಡುವೆ ನಡೆದು ಬಂದಿದ್ದೆ. ಸಂಜೆ ಅದೇ ಮನುಷ್ಯ ಊರಿಗೆ ನೀರು ತಂದವನಾಗಿ ಎದುರಾದ. ಬಾವಿಯ ಕಥೆ ನಿಜವೇ ಇರಲಿ, ಜನ ಕಟ್ಟಿದ್ದೇ ಇರಲಿ, ಎರಡನ್ನೂ ಈ ಊರು ಒಟ್ಟಿಗೇ ನೆನಪಿಟ್ಟುಕೊಂಡಿದೆ. ನಾನು ಏರಿಯ ಮೇಲೆ ಕೂತು ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ನೋಡಿದೆ. ಆಗಲಿಲ್ಲ.

ನಮ್ಮ ಓಣಿಯಲ್ಲಿ ನೀರು ಬರುವುದು ಪಾಳಿಯ ಮೇಲೆ. ಒಂದು ಬೇಸಿಗೆ ಹನ್ನೊಂದು ದಿನ ನಳ ಹನಿಯಲಿಲ್ಲ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವಾಗ ಪಕ್ಕದ ಮನೆಯ ಸೊಸೆ ಜಾರಿಬಿದ್ದು ಕೈ ಮುರಿದುಕೊಂಡಳು. ನಳದಲ್ಲಿ ಬರುವುದು ಕೃಷ್ಣೆಯ ನೀರು, ಅಷ್ಟು ದೂರದಿಂದ, ವಿದ್ಯುತ್ತಿನ ಬಲದಿಂದ ಏರಿ ಬರಬೇಕು. ಕರೆಂಟು ಹೋದರೆ ನೀರೂ ಹೋಯಿತು. ಕೆರೆಯ ಮೇಲೆ ಕೆಂಪು ಬೆಳಕು ಹರಡಿತ್ತು, ಬಕಗಳು ಆಳವಿಲ್ಲದ ಕಡೆ ಒಂಟಿಕಾಲಲ್ಲಿ ನಿಂತಿದ್ದವು, ಆಚೆ ದಂಡೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಇಲ್ಲಿಂದ ಊರು ತುಸು ತಗ್ಗಿನಲ್ಲಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಆ ತುಸು ತಗ್ಗನ್ನು ಗುರುತಿಸಿ, ಅದರ ಮೇಲೆ ನಂಬಿಕೆಯಿಟ್ಟು, ಮಣ್ಣು ಸುಟ್ಟು ಕೊಳವೆ ಮಾಡಿದ ಕುಂಬಾರ ಯಾರಿರಬಹುದು? ಅವನ ತಿಗರಿ ಎಲ್ಲಿ ತಿರುಗುತ್ತಿತ್ತು?

“ಹೊತ್ತಾತ್ರಿ ಬಾಯಾರ, ಹೋಗೂಣು,” ಅಂದರು ಚಾಚಾ. ಮನೆಯಿಂದ ಕುದುರೆಗೆಂದು ತಂದ ಬಕೆಟ್ಟಿನ ನೀರು ಮಧ್ಯಾಹ್ನವೇ ಮುಗಿದಿತ್ತು. ಟಾಂಗಾ ಬಿಚ್ಚಿ ಲಗಾಮು ಹಿಡಿದು ಕುದುರೆಯನ್ನು ಇಳಿಜಾರಿನಲ್ಲಿ ಮೆಲ್ಲಗೆ ನಡೆಸಿಕೊಂಡು ಹೋದರು. ಅದು ಮುಂಗಾಲು ನೀರಿನಲ್ಲಿಟ್ಟು, ಮೊದಲು ಮೂತಿಯಿಂದ ನೀರನ್ನು ಎರಡು ಸಲ ಆಚೆ ಸರಿಸಿ, ಆಮೇಲೆ ಕುಡಿಯತೊಡಗಿತು. ಅದು ತಲೆ ಎತ್ತುವ ತನಕ ಚಾಚಾ ಲಗಾಮು ಎಳೆಯಲಿಲ್ಲ.